ಬಾಯಿ ತೆರೆದ ಸೊನ್ನೆ

ಹುಣಸೆಹಣ್ಣಿನ ಜಾರಿಕೆಯಲ್ಲಿ ಹೆಬ್ಬೆರಳು ಮತ್ತೆ ಆ ಎಂಟರ ಮೇಲೆಯೇ ಬಂದು ನಿಂತಿತು, ಕಣ್ಣಿಟ್ಟು ನೋಡಬೇಕಾದ್ದೇನೂ ಇಲ್ಲ, ಕೊಡದ ಕಂಠದ ಸುತ್ತ ಬೆರಳು ಹರಿದರೆ ಸಾಕು, ಮೊದಲು ಎಂಟು, ಆಮೇಲೊಂದು ಗೀಟು, ಆಮೇಲೆ ಐದು, ಮತ್ತೊಂದು ಗೀಟು, ಆಮೇಲೆ ಹತ್ತೊಂಬತ್ತುನೂರಾ ಎಪ್ಪತ್ತು — ತಾಮ್ರದೊಳಗೆ ಚುಕ್ಕಿ ಚುಕ್ಕಿಯಾಗಿ ಇಳಿದು ಕೂತ ಅವಳ ಮದುವೆಯ ತಾರೀಖು, ಅಲ್ಲ, ಆಗದೇ ಹೋದ ಮದುವೆಯ ತಾರೀಖು, ಆಗದ್ದಕ್ಕೂ ತಾರೀಖು ಇರುತ್ತದೆಯೇ, ಇದೆಯಲ್ಲ, ಕೊಡದ ಮೇಲಿದೆ, ಪರಾತದ ಮೇಲಿದೆ, ಹಂಡೆಯ ಮೇಲಿದೆ, ಇಸವಿಯ ಕಡೆಯ ಸೊನ್ನೆ ಮಾತ್ರ ಎಲ್ಲದರಲ್ಲೂ ಕೂಡದೆ ನಿಂತಿದೆ, ಬುಡದಲ್ಲಿ ಒಂದು ಚುಕ್ಕಿಯಷ್ಟು ಜಾಗ ಖಾಲಿ. ಗುರವ್ವ ಹಿತ್ತಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಬಿಸಿಲು ಇನ್ನೂ ಗೋಡೆ ಇಳಿದಿಲ್ಲ, ಬೆನ್ನು ಮಾತ್ರ ಈಗಲೇ ಸೋತಿದೆ, ಮುದ್ದೇಬಿಹಾಳದಿಂದ ನಿನ್ನೆ ಬಸ್ಸಿನಲ್ಲಿ ಕುಲುಕಿ ಬಂದ ಸೋಲೋ, ಇಷ್ಟು ವರ್ಷದ ಸೋಲೋ, ಯಾರು ಕೇಳಬೇಕು, ಕೇಳಿದರೆ ಏನು ಹೇಳಬೇಕು. ಒಳಗಿಂದ ಅವ್ವನ ದನಿ, ಲಗೂ ತಿಕ್ಕ ಗುರವ್ವಾ, ಸಿಂದಗಿಯವರು ನಿನ್ನ ನೋಡಾಕ ಮುಂಜಾನಿ ಬಸ್ಸಿಗೆ ಬರತಾರ, ಬಂದ ಕೂಡ್ಲೆ ನೀರ ಕೊಡಬೇಕು, ಆಮ್ಯಾಲೆ ಆ ಅಂಕಿ ಇರೂ ಕಡೆ ಗ್ವಾಡಿಗೆ ಮಾರಿ ಮಾಡಿ ಇಡು. ಈ ಮನೆಯಲ್ಲಿ ಕೊಡಗಳು ಇಷ್ಟು ವರ್ಷವೂ ಗೋಡೆಗೆ ಮುಖ ಮಾಡಿಯೇ ನಿಂತಿವೆ, ಸಾಲೆಯಲ್ಲಿ ತಪ್ಪು ಮಾಡಿದ ಹುಡುಗರನ್ನು ನಿಲ್ಲಿಸಿದ ಹಾಗೆ. ಅವ್ವನಿಗೆ ಅದೂ ಸಾಲದು, ಇವನ್ನೆಲ್ಲಾ ಮಲಿಕಸಾಬಗ ಕೊಟ್ಟು ಸ್ಟೀಲ ತೊಗೊಂಡ್ಬಿಡೂನು, ಪೀಡಾ ಹೋದೀತು, ಎನ್ನುತ್ತಾಳೆ, ಹಳೆ ತಾಮ್ರ ಹಿತ್ತಾಳೆ ತೂಗಿ ಸ್ಟೀಲು ಕೊಡುವ ಮಲಿಕಸಾಬ ಓಣಿಗೆ ಬಂದಾಗಲೆಲ್ಲ ಅದೇ ಮಾತು, ಅಪ್ಪ ಒಪ್ಪುವುದಿಲ್ಲ, ಎದ್ದು ಹೋಗುತ್ತಾನೆ, ಆದರೆ ಇವತ್ತು ಬೆಳಿಗ್ಗೆ ಚಹಾದ ಬಸಿ ಕೆಳಗಿಟ್ಟು ಹೇಳಿಯೇ ಬಿಟ್ಟ, ಕೊಡುದೂ ಬ್ಯಾಡ, ಮುಚ್ಚಿಡುದೂ ಬ್ಯಾಡ, ಅವರು ಬರೂದ್ರಾಗ ನಾನ ಆ ಸೊನ್ನಿ ಬಾಯಿ ಮುಚ್ಚಿಬಿಡ್ತೇನಿ. ಹೇಳಿ ಒಳಕೋಣೆಗೆ ಹೋದವನು ಇನ್ನೂ ಚಾಣದ ಡಬ್ಬಿ ಹುಡುಕುತ್ತಿದ್ದಾನೆ, ತಗಡು ಸರಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ.

ಮುಚ್ಚಿಬಿಡುತ್ತಾನಂತೆ, ಆ ಕೈಯಲ್ಲಿ — ಚಹಾದ ಬಸಿ ಹಿಡಿದರೆ ಅರ್ಧ ಧೋತರದ ಮೇಲೆ ಚೆಲ್ಲುವ ಕೈ, ಆ ಕೈ ಹಿಂದೆ ಹೀಗಿರಲಿಲ್ಲ, ಇಂಡಿ ಬಜಾರಿನ ಬಾಂಡೆ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರೆ ಮೊಣಕಾಲ ನಡುವೆ ಕೊಡ, ಎಡಗೈಯಲ್ಲಿ ಬೆರಳುದ್ದದ ಚಾಣ, ಬಲಗೈಯಲ್ಲಿ ಆಟದ ಸಾಮಾನಿನಂಥ ಸುತ್ತಿಗೆ, ಟಣ್ ಟಣ್ ಟಣ್, ಚಾಣದ ಮೊನೆ ಮುಂದೆ ಮುಂದೆ ಸರಿಯುತ್ತದೆ, ಸುತ್ತಿಗೆ ಅದರ ಬೆನ್ನು ಬಿಡುವುದಿಲ್ಲ, ಯಾರದೋ ಹೆಸರು, ಯಾರಿಗೋ ಉಡುಗೊರೆಯ ಆಯೇರಿ, ಕಡೆಗೆ ಮದುವೆಯ ತಾರೀಖು, ಹೆಸರು ಹೊಡೆಯುವಾಗ ಗಿರಾಕಿಯ ಕೂಡ ಮಳೆ ಬೆಳೆ ಮಾತಾಡುತ್ತಿದ್ದ ಅಪ್ಪ ತಾರೀಖಿಗೆ ಬಂದನೆಂದರೆ ಮೌನ, ಯಾಕಪಾ ಎಂದು ಸಣ್ಣವಳಿದ್ದಾಗ ಕೇಳಿದ್ದಳು, ಹೆಸರು ಎಷ್ಟ ಮಂದಿಗೆ ಓದಾಕ ಬರತೈತೆವಾ, ಅಂಕಿ ಎಲ್ಲಾರೂ ಓದತಾರ, ಅದಕ್ಕ ಅಂಕಿ ಚಂದ ಇರಬೇಕು. ಚಂದ ಎಂದರೆ ಅಪ್ಪನಿಗೆ ಅದೊಂದೇ ಚಂದ, ಅವ್ವನ ಹೊಸ ಸೀರೆ ಕಣ್ಣಿಗೆ ಬೀಳುವುದಿಲ್ಲ, ನಾಲ್ಕರ ಬುಡದ ಗಂಟು ಎಲ್ಲಿ ಬಿಗಿಯಾಯಿತು ಎಲ್ಲಿ ಸಡಿಲಾಯಿತು ಅದು ದಾರಿಯ ಆಚೆಯಿಂದ ಕಾಣುತ್ತದೆ, ಮಲೇರಿಯಾದವರು ಬಾಗಿಲ ಮೇಲೆ ಕಾವಿಯಲ್ಲಿ ಗೀಚಿ ಹೋದ ಮನೆ ನಂಬರು ನೋಡಿ ಉಣ್ಣಲಾರದೆ ಎದ್ದ ಮನುಷ್ಯ, ಕೈ ತೊಳೆದು ಒದ್ದೆ ಅರಿವೆಯಿಂದ ಅದನ್ನೊರೆಸಿ ಅದೇ ನಂಬರನ್ನು ತಾನೇ ನೆಟ್ಟಗೆ ಬರೆದ, ಅವ್ವ ಹೇಳಿದಳು, ಸರಕಾರದ ಅಂಕಿ ಅಳಸಿದ್ರ ಹಿಡಕೊಂಡ ಹೋಗತಾರ ನೋಡ್ರಿ, ಅಪ್ಪ ಹೇಳಿದ, ಹೋಗಲಿ, ಜೇಲಿನಾಗೂ ನಂಬರ ಕೊಡತಾರಲ್ಲ, ಅದನ್ನರ ಚಂದ ಬರದು ಕೊಡ್ತೇನಿ. ನಕ್ಕಿದ್ದರು ಎಲ್ಲರೂ, ಆಗ ಈ ಮನೆಯಲ್ಲಿ ನಗು ಇತ್ತು. ಒಂದರಿಂದ ಶುರು ಮಾಡಿ ಅವಳಿಗೆ ಕನ್ನಡ ಅಂಕಿ ಕಲಿಸಿದ್ದು ಪಾಟಿಯಲ್ಲಲ್ಲ, ತಂಬಿಗೆಯ ಮೇಲೆ, ಬೆರಳು ಹಿಡಿದು ಚುಕ್ಕಿಗಳ ಮೇಲೆ ಎಳೆದು, ಇದು ಒಂದು, ಇದು ಸೊನ್ನಿ, ಎರಡಕ್ಕೂ ಭಾಳ ಫರಕಿಲ್ಲ ನೋಡವಾ, ಬಾಯಿ ಬಿಟ್ಟರ ಒಂದು, ಮುಚ್ಚಿದರ ಸೊನ್ನಿ, ಸೊನ್ನಿ ಎಲ್ಲಕ್ಕಿಂತ ಕಠಿಣ, ಹೊಂಟಲ್ಲಿಗೇ ಬಂದು ಮುಟ್ಟಬೇಕು, ಒಂದು ಚುಕ್ಕಿ ಅತ್ತಿತ್ತ ಆದರ ಕುಂಬಳಕಾಯಿ ಆಗತೈತಿ. ಅಪ್ಪನ ಸೊನ್ನೆ ಎಂದೂ ಕುಂಬಳಕಾಯಿ ಆಗಲಿಲ್ಲ.

ನಿನ್ನೆ ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕಣ್ಣು ಮುಚ್ಚಿದರೂ ಕಿಲೋಮೀಟರ್ ಕಲ್ಲುಗಳು ಬಿಡಲಿಲ್ಲ, ಹಳದಿ ತಲೆ, ಬಿಳಿ ಮೈ, ಸಿಂದಗಿ ಇಷ್ಟು, ಇಂಡಿ ಇಷ್ಟು, ಸುಣ್ಣ ಬಿಟ್ಟ ಕಡೆ ಮೂರು ಹೋಗಿ ಬರೀ ಹೊಟ್ಟೆ ಉಳಿದಿದೆ, ಸಿಂದಗಿ ದಾಟಿದ ಮೇಲೆ ಯಾವನೋ ಒಳ್ಳೆಯ ಕೈಯವನು ಬರೆದ ಒಂದು ಏಳು ಸಿಕ್ಕಿತು, ಬಗ್ಗಿ ಬಾಗಿ ಕಡೆಗೆ ಬಾಲ ಎತ್ತಿ ನಿಂತ ಏಳು, ಅದನ್ನು ಅಪ್ಪನಿಗೆ ಹೇಳಬೇಕೆಂದುಕೊಂಡಳು, ಮನೆಗೆ ಬಂದ ಮೇಲೆ ಹೇಳಲಿಲ್ಲ, ಅಪ್ಪನ ಎದುರಿಗೆ ಅಂಕಿಯ ಮಾತು ಎತ್ತದೆ ಎಷ್ಟೋ ಕಾಲವಾಯಿತು, ಬಿದ್ದ ಮನೆಯಲ್ಲಿ ತೊಲೆಯ ಮಾತು ಎತ್ತಬಾರದು ಅಂದಹಾಗೆ. ಮುದ್ದೇಬಿಹಾಳದ ಸಾಲೆಯಲ್ಲಿ ಮಾತ್ರ ಬಿಡುವಿಲ್ಲ, ಅವಳಿಗೆ ಕಲಿಸಲು ಕೊಟ್ಟದ್ದೇ ಒಂದನೇ ಇಯತ್ತೆ, ಬಳಪ, ಪಾಟಿ, ಉಗುಳು, ಮೂಗಿನ ಸುಂಬಳ, ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು, ಹತ್ತಕ್ಕೆ ಬಂದರೆ ಒಬ್ಬರ ಸೊನ್ನೆಯೂ ಕೂಡುವುದಿಲ್ಲ, ಎಲ್ಲರದ್ದೂ ಹನ್ನೊಂದಾಗಿ ಕೂತಿರುತ್ತದೆ, ಪಾಟಿಯಿಂದ ಪಾಟಿಗೆ ಬಗ್ಗುತ್ತ ಹೇಳುತ್ತಾಳೆ, ಸೊನ್ನಿ ಬಾಯಿ ಮುಚ್ಚಸು, ಸೊನ್ನಿ ಬಾಯಿ ಮುಚ್ಚಸು, ದಿನಕ್ಕೆ ಎಷ್ಟು ಸಲ ಹೇಳುತ್ತಾಳೋ, ಹೇಳುವ ಬಾಯಿ ತನ್ನದಲ್ಲ ಎನ್ನುವಷ್ಟು ದಣಿದು ಹೇಳುತ್ತಾಳೆ, ಹೇಳಿದಾಗಲೆಲ್ಲ ಕೈ ತನ್ನಷ್ಟಕ್ಕೆ ಸೆರಗಿನ ತುದಿ ಹುಡುಕಿ ಹೆಬ್ಬೆರಳಿನಿಂದ ಉಜ್ಜುತ್ತದೆ, ಅಲ್ಲಿ ತಾಮ್ರವಿಲ್ಲ, ಆದರೂ ಉಜ್ಜುತ್ತದೆ.

ಎಂಟು, ಗೀಟು, ಐದು. ಎಪ್ಪತ್ತರ ಆ ಬ್ಯಾಸಗಿ, ಬಾಗೇವಾಡಿಯ ಪರಪ್ಪನಿಗೆ ಅವಳನ್ನು ಮಾತಾಡಿದ್ದರು, ಎಣ್ಣೆ ಗಾಣದ ಮನೆತನ, ಹುಡುಗ ಬಿ.ಎ. ಓದಿದವನು, ನೋಡಲು ಬಂದಾಗ ತಲೆ ಎತ್ತಿರಲಿಲ್ಲ, ಅವಳು ನಾಚಿಕೆ ಎಂದುಕೊಂಡಳು, ಹುಡುಗರಿಗೂ ನಾಚಿಕೆ ಇರುತ್ತದೆ ಎಂದು ಒಳಗೊಳಗೇ ನಕ್ಕಳು ಕೂಡ. ಮದುವೆ ಗೊತ್ತಾದ ದಿನದಿಂದ ಅಪ್ಪ ಅಂಗಡಿಯ ಕೆಲಸ ಬಿಟ್ಟ, ಊರ ಮಂದಿಯ ಬಾಂಡೆ ಇರಲಿ ನಮ್ಮ ಬಾಂಡೆ ಮೊದಲು, ಮನೆಯ ಪಡಸಾಲೆಯಲ್ಲೇ ಕೂತು ಹೊಡೆದ, ಟಣ್ ಟಣ್ ಟಣ್, ನಾದ ಓಣಿಯ ತುದಿಗೆ ಕೇಳುತ್ತಿತ್ತು, ಹಾದುಹೋಗುವವರು ಇಣುಕಿ, ಏನ್ ಶ್ರೀಶೈಲಪ್ಪಾ, ಮಗಳ ಮದುವಿ ಊರಿಗೆಲ್ಲಾ ಡಂಗುರ ಹೊಡ್ಯಾಕತ್ತೀಯೇನು, ಅಪ್ಪ ತಲೆ ಎತ್ತುತ್ತಿರಲಿಲ್ಲ, ಪಂಚಾಂಗ ನೋಡಿ ದಿನ ಹಾಕಿದವರು ಸ್ವಾಮಿಗಳು, ಆದರೆ ಒಳ್ಳೆಯ ಅಂಕಿಗಳು ಬಿದ್ದದ್ದಕ್ಕೆ ಅಪ್ಪನಿಗೆ ಆದ ಖುಷಿ ಹೇಳತೀರದು, ಎಂಟು ಐತಿ, ಐದು ಐತಿ, ಕಡೀಕ ಸೊನ್ನಿ, ತಾರೀಖಂದ್ರ ಹಿಂಗ ಇರಬೇಕು, ಕಡೀಕ ಬಂದು ದುಂಡಗ ಕುಂಡ್ರಬೇಕು. ಆಮೇಲೆ ಆ ದಿನ, ಲಗ್ನಕ್ಕೆ ಒಂದು ದಿನ ಇರುವಾಗ, ಹಂದರ ಹಾಕುತ್ತಿದ್ದರು, ಅವ್ವ ಮತ್ತು ಬಂದ ಹೆಂಗಸರೆಲ್ಲ ಹಾಲಗಂಬಕ್ಕೆ ಪೂಜೆ ಎಂದು ಹೊರಗಿದ್ದರು, ಮೈಗೆಲ್ಲ ಅರಿಶಿಣ ಹಚ್ಚಿಕೊಂಡ ಗುರವ್ವ ಒಬ್ಬಳೇ ಒಳಗೆ ಚಾಪೆಯ ಮೇಲೆ, ಬಜಾರಿಗೆ ಹೋಗಿದ್ದ ಅಪ್ಪ ನಡುಮಧ್ಯಾಹ್ನ ತಿರುಗಿ ಬಂದ, ನೀರು ಕೇಳಿದ, ಕೊಟ್ಟರೆ ಕುಡಿಯಲಿಲ್ಲ, ಅವಳ ಮುಖ ನೋಡಿದ, ನೋಡುತ್ತಲೇ ಇದ್ದ, ಯಾಕಪಾ ಎಂದಳು, ಏನಿಲ್ಲವಾ, ಬಿಸಿಲು ಭಾಳ ಐತಿ, ಅಂದು ಬಾಂಡೆ ಇಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಒಳಗಿಂದ ಸದ್ದು, ಟಣ್ ಎನ್ನುವ ಸದ್ದಲ್ಲ, ಟುಕ್, ಟುಕ್, ಅರಿವೆ ಸುತ್ತಿ ಹೊಡೆದ ಹಾಗೆ ಮಂದ, ಒಂದೆರಡು ಪೆಟ್ಟು, ತಡೆದು ಮತ್ತೆ ಒಂದೆರಡು, ಅರಿಶಿಣದ ವಾಸನೆಯಲ್ಲಿ ತೂಕಡಿಕೆ ಬಂದಿತ್ತು ಅವಳಿಗೆ, ಯಾವುದೋ ನೆಗ್ಗು ತೆಗೆಯುತ್ತಿರಬೇಕು ಎಂದುಕೊಂಡು ನಿದ್ದೆ ಹೋದಳು.

ಸಂಜೆಗೆ ಬಾಗೇವಾಡಿಯಿಂದ ಹುಡುಗನ ಸೋದರತ್ತೆ ಲಕ್ಕವ್ವ ಬಂದಳು, ಬಾಂಡೆ ನೋಡುವ ನೆಪ, ಜೊತೆಗೆ ಇಬ್ಬರು ಹಿರಿಯರು, ಮುಖ ಬಿಗಿದುಕೊಂಡು ಬಂದಿದ್ದರು, ಅಪ್ಪ ತಾನೇ ಎದ್ದು ಹೋಗಿ ಕೊಡ ತಂದು ಲಕ್ಕವ್ವನ ಮುಂದಿಟ್ಟ, ಅಂಕಿ ಅವಳ ಕಡೆ ಬರುವ ಹಾಗೆ ತಿರುಗಿಸಿಯೇ ಇಟ್ಟ, ಲಕ್ಕವ್ವನ ಬೆರಳು ಕಂಠದ ಸುತ್ತ ಹರಿದು ಕಡೆಗೆ ಬಂದು ನಿಂತಿತು, ಇದೇನ್ರಿ ಶ್ರೀಶೈಲಪ್ಪಾರ, ಸೊನ್ನಿ ಬಾಯಿ ತಕ್ಕೊಂಡ ಕುಂತೈತಿ. ಅಪ್ಪ ಹೇಳಿದ, ಮದುಮಕ್ಕಳ ತಲಿ ಮ್ಯಾಲೆ ಅಕ್ಕಿಕಾಳು ಬೀಳೂತನಕ ಕಡೀ ಚುಕ್ಕಿ ಹೊಡಿಬಾರದು ಅಂತ ಬಿಟ್ಟೇನ್ರಿ, ನಮ್ಮ ಕಸಬಿನ ಪದ್ಧತಿ ಅದು, ಅಕ್ಕಿಕಾಳು ಬಿದ್ದ ಮ್ಯಾಲೆ ಹೊಡದ ಕೂಡಸ್ತೇನಿ. ಯಾವ ಪದ್ಧತಿರಿ ಇದು, ಮದುವಿ ಮನ್ಯಾಗ ಬಾಯಿ ತಕ್ಕೊಂಡಿದ್ದು ಯಾರನ್ನರ ನುಂಗದ ಬಿಡತೈತೇನು, ಲಕ್ಕವ್ವನ ದನಿ ಹಂದರದವರೆಗೆ ಹೋಯಿತು, ಎಲ್ಲರೂ ಕೇಳಿದರು, ಕೇಳಲಿ ಎಂದೇ ಹೇಳಿದಳು, ಮರುದಿನ ಬೆಳಿಗ್ಗೆ ದಿಬ್ಬಣ ಬರಲಿಲ್ಲ, ಅಪಶಕುನ ಆಯ್ತು ಅಂತ ಹೇಳಿ ಕಳಿಸಿದರು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕು ಪೇಟೆಗೂ ಸುದ್ದಿ ಮುಟ್ಟಲು ವಾರ ಹಿಡಿಯಲಿಲ್ಲ, ಅಂಕಿ ಶ್ರೀಶೈಲಪ್ಪ ಒಂದು ಚುಕ್ಕಿ ಉಳಿಸಿ ಮಗಳ ಮದುವಿ ಕೆಡಿಸಿದನಂತ, ಊರ ಬಾಯಿಗೆ ಹೊಲಿಗೆ ಹಾಕಲಾದೀತೇ, ಸಂತೆಯಲ್ಲಿ ಅಂದರು, ಗಿರಣಿಯಲ್ಲಿ ಅಂದರು, ಬಾಂಡೆ ಅಂಗಡಿಯ ಸಾವಕಾರ ಕೂಡ, ಶ್ರೀಶೈಲಪ್ಪಾ, ಮಂದಿ ನಿನ್ನ ಕೈಲೆ ಹೊಡಿಸಾಕ ಅಂಜತಾರೋ, ಅಂದ, ಅಪ್ಪ ಗೋಣಿಚೀಲ ಮಡಚಿಕೊಂಡು ಮನೆಗೆ ಬಂದ. ಅವ್ವ ಮಾತ್ರ ಎದುರೆದುರಿಗೇ, ಉಣ್ಣುವಾಗ, ಮಲಗುವಾಗ, ಒಂದು ಚುಕ್ಕಿ ಹೊಡಿಲಾರದಕ್ಕ ಮಗಳ ಬಾಳು ಹೋತು, ಎಲ್ಲಿಂದ ತಂದ್ರಿ ಆ ಪದ್ಧತಿ, ನಿಮ್ಮ ಅಪ್ಪ ಕಲಿಸಿದ್ನೋ ಮುತ್ಯಾ ಕಲಿಸಿದ್ನೋ — ಅಪ್ಪ ರೊಟ್ಟಿ ಮುರಿಯುತ್ತಿದ್ದ, ಹೌದು ನಂದ ತಪ್ಪು ಎನ್ನುತ್ತಿದ್ದ, ಅಷ್ಟೇ, ಯಾರು ಕೇಳಿದರೂ ಅಷ್ಟೇ, ನಂದ ತಪ್ಪು. ಅವಳಿಗೂ ಸಿಟ್ಟು ಬರುತ್ತಿತ್ತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಎಷ್ಟೋ ದಿನ ಅಪ್ಪನ ಮುಖ ಕಂಡರೆ ಆಗುತ್ತಿರಲಿಲ್ಲ, ಅದಕ್ಕೇ ಸಾಲೆಯ ನೌಕರಿ ಸಿಕ್ಕು ಮುದ್ದೇಬಿಹಾಳಕ್ಕೆ ಹಾಕಿದಾಗ ಎರಡು ಮಾತಾಡದೆ ಟ್ರಂಕು ಎತ್ತಿದಳು.

ಸಿಟ್ಟು ಹೋದದ್ದು ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ, ಜನಗಣತಿಯ ಕೆಲಸಕ್ಕೆ ಸಾಲೆಯವರನ್ನೆಲ್ಲ ಹಚ್ಚಿದ್ದ ವರ್ಷ, ಮುದ್ದೇಬಿಹಾಳದ ಓಣಿಗಳಲ್ಲಿ ಡಬ್ಬಿ ಹಿಡಿದು ಮನೆ ಮನೆಗೂ ನಂಬರು ಬರೆದು ಬರೆದು ಅವಳ ಬೆರಳಿಗೆ ಹತ್ತಿದ ಕಾವಿ ಹೋಗಿರಲಿಲ್ಲ, ಬಿಜಾಪುರದಿಂದ ತಿರುಗಿ ಬರುವಾಗ ಬಸ್ಸು ಬದಲಿಸಲು ನಿಂತಿದ್ದಳು, ಎದುರಿಗೆ ಪರಪ್ಪ, ಈಗ ತಲೆ ಎತ್ತಿಯೇ ನೋಡಿದ, ನೀವು ಶ್ರೀಶೈಲಪ್ಪಾರ ಮಗಳಲ್ರಿ, ಹೌದ್ರಿ, ಅವಳು ಹೊರಟು ಹೋಗಬಹುದಿತ್ತು, ಹೋಗಲಿಲ್ಲ, ಅವನೇ ಹೇಳಿದ, ಒಂದು ಮಾತು ಹೇಳಬೇಕಿತ್ರಿ, ಆ ಸೊನ್ನಿ ಗಿನ್ನಿ ಎಲ್ಲಾ ಸುಳ್ಳು, ನನಗ ಈ ಮದುವಿ ಬ್ಯಾಡಾಗಿತ್ತು, ಬ್ಯಾರೆ ಕಡೆ ಮನಸಿತ್ತು, ನಮ್ಮತ್ತಿಗೆ ಒಂದು ನೆಪ ಬೇಕಾಗಿತ್ತು, ಸಿಕ್ಕಿತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು — ಗಾದೆ ಎಷ್ಟು ಸಲ ಹೇಳಿದ್ದಳೋ, ಕಲ್ಲು ತನ್ನ ಬಾಯಿಗೇ ಬಂದಾಗ ರುಚಿ ಬೇರೆ, ಅಲ್ಲಿಯೇ ಕಂಬಕ್ಕೆ ಒರಗಿದ್ದಳು, ಪರಪ್ಪ ಹೋಗುತ್ತ ತಿರುಗಿ ಹೇಳಿದ, ನಿಮ್ಮಪ್ಪಾರು ಭಾಳ ದೊಡ್ಡ ಮನಷ್ಯಾರ್ರಿ, ಅದನ್ನವಳು ಬಸ್ ಸ್ಟ್ಯಾಂಡಿನ ಮರ್ಯಾದೆಯ ಮಾತೆಂದು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಅಪ್ಪನಿಗೆ ಹೇಳಬೇಕು, ನಿನ್ನ ತಪ್ಪಿಲ್ಲಪಾ, ಸೊನ್ನಿಯದೂ ತಪ್ಪಿಲ್ಲ, ಎಂದು ಪ್ರತಿ ಸೂಟಿಗೂ ಊರಿಗೆ ಬರುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೇ ಮಾಡಿದ್ದು, ಮನೆಯ ಹೊಸ್ತಿಲಲ್ಲಿ ಮಾತು ಒಣಗುತ್ತಿತ್ತು, ಏನಂತ ಹೇಳಬೇಕು, ಅಂವಗ ನಾನ ಬ್ಯಾಡಾಗಿದ್ದೆ ಎಂದು ಹೇಳಬೇಕೇ, ಹೇಳಿದರೆ ಅಪ್ಪನ ತಲೆಯ ಮೇಲಿನ ಭಾರ ಇಳಿದೀತು, ಆದರೆ ನನ್ನ ಮಗಳನ್ನು ಒಬ್ಬ ಬೇಡವೆಂದ ಎಂಬ ಕಲ್ಲು ಎದೆಯ ಮೇಲೆ ಕೂತೀತು, ಯಾವುದು ಹಗುರ, ಯಾವುದು ಭಾರ, ತೂಗಿ ತೂಗಿ ಸಾಕಾಗಿ ಸುಮ್ಮನಾದಳು, ಸುಮ್ಮನಿರುವುದೂ ಒಂದು ಕೆಲಸ, ಅದಕ್ಕೂ ಬೆನ್ನು ನೋಯುತ್ತದೆ.

ಅಪ್ಪ ಬಂದ. ಡಬ್ಬಿ ಸಿಕ್ಕಿದೆ, ತುಕ್ಕು ಹಿಡಿದ ಚಾಣವನ್ನು ಧೋತರದ ತುದಿಯಲ್ಲಿ ಒರೆಸುತ್ತ ಕಲ್ಲಿನ ಪಕ್ಕಕ್ಕೆ ಮೆಲ್ಲಗೆ ಕೂತ, ಕೂರುವಾಗ ಮೊಣಕಾಲು ಲಟಕ್ಕೆಂದಿತು, ತಾ ಇಲ್ಲೆ ಆ ಕೊಡ, ತಡಿಯಪಾ ಇನ್ನೂ ಹುಳಿ ತೊಳದಿಲ್ಲ, ತೊಳಿ ತೊಳಿ, ಅವಸರಿಲ್ಲ. ಶಂಕರೆಪ್ಪ ಅಂತ ಸಿಂದಗಿಯ ವರನ ಹೆಸರು, ಸೈಕಲ್ ಅಂಗಡಿ ಇದೆ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಚಲೋ ಮನಷ್ಯಾ ಅಂತ ಎಲ್ಲಾರೂ ಅಂತಾರವಾ, ಅಪ್ಪ ಹೇಳುತ್ತಿದ್ದಾನೆ, ಅಂವಾ ಏನೂ ಕೇಳೂದಿಲ್ಲ, ಆದರ ಕೂಡ ಬಂದವರು ಕೇಳತಾರ, ಇದರ ಬಾಯಿ ಮುಚ್ಚಿತಂದ್ರ ಅವರ ಬಾಯೂ ಮುಚ್ಚತಾವ. ಕೊಡ ತಿರುಗಿಸಿದಳು, ಹುಳಿ ಕಂಠದ ಒಳಗೂ ಇಳಿದಿತ್ತು, ಎರಡು ಬೆರಳು ಒಳಗೆ ಹಾಕಿ ಉಜ್ಜಿದಳು, ಹೊರಗೆ ಹೆಬ್ಬೆರಳು, ಒಳಗೆ ತೋರುಬೆರಳು, ನಡುವೆ ತಾಮ್ರ — ಒಳಗಡೆ ಚುಕ್ಕಿಗಳೆಲ್ಲ ಉಬ್ಬಿವೆ, ಬೆವರುಸಾಲೆಯ ಹಾಗೆ ಸಣ್ಣ ಸಣ್ಣ ಗುಳ್ಳೆ, ಹೊರಗೆ ಇಳಿದದ್ದು ಒಳಗೆ ಏಳಲೇಬೇಕು, ಎಂಟು ಉಬ್ಬಿದೆ, ಐದು ಉಬ್ಬಿದೆ, ಒಂಬತ್ತು, ಏಳು, ಸೊನ್ನೆ, ಸೊನ್ನೆಯ ಸುತ್ತ ಉಬ್ಬು ಉಬ್ಬು ಉಬ್ಬು, ಆಮೇಲೆ ಆ ಖಾಲಿ ಜಾಗ, ಅಲ್ಲಿ ಬೆರಳು ಜಾರಿ ನಿಂತಿತು. ಖಾಲಿ ಎಂದರೆ ಏನೂ ಇರಬಾರದಲ್ಲ. ಅಲ್ಲಿ ಏನೋ ಇದೆ, ಚಪ್ಪಟೆ, ಬೇಳೆಯಷ್ಟಗಲ, ನುಣುಪಾದ ಒಂದು ತಟ್ಟು, ಸುತ್ತಿಗೆಯ ಮುಖ ಕೂತ ಗುರುತು, ಕೊಡದ ಕಂಠದಲ್ಲಿ ಬೇರೆಲ್ಲಿಯೂ ಅಂಥ ಗುರುತಿಲ್ಲ, ಮತ್ತೆ ಉಜ್ಜಿದಳು, ಇದೆ. ಕೊಡ ಕೆಳಗಿಟ್ಟು ಪರಾತ ಎತ್ತಿಕೊಂಡಳು, ಬೆನ್ನ ಕಡೆ ಬೆರಳಾಡಿಸಿದಳು, ಅಲ್ಲೂ ಇದೆ. ಅಪ್ಪ ಚಾಣ ಒರೆಸುವುದು ನಿಲ್ಲಿಸಿದ್ದಾನೆ.

ಏಳದ ಜಾಗ ಅಲ್ಲ ಅದು, ಎದ್ದಿದ್ದನ್ನು ಕೂರಿಸಿದ ಜಾಗ, ಅಲ್ಲಿ ಚುಕ್ಕಿ ಇತ್ತು, ಹೊಡೆದಿದ್ದ ಚುಕ್ಕಿಯನ್ನು ಯಾರೋ ಒಳಗಿನಿಂದ ತಟ್ಟಿ ತೆಗೆದಿದ್ದಾರೆ, ಯಾರೋ ಎಂದರೆ ಯಾರು, ಟುಕ್, ಟುಕ್, ಅರಿವೆ ಸುತ್ತಿದ ಮಂದ ಸದ್ದು, ಅರಿಶಿಣದ ವಾಸನೆ, ಬಿಸಿಲು ಭಾಳ ಐತಿ ಎಂದ ಅಪ್ಪ, ಕುಡಿಯದ ನೀರು. ಮುದ್ದೇಬಿಹಾಳದ ಮನೆಯೊಡತಿ ಸುಮಿತ್ರಾಬಾಯಿಯ ಹಂಡೆ, ಬಚ್ಚಲಲ್ಲಿ ದಿನಾ ಕಾಣುವ ಹಂಡೆ, ಅದರ ಮೇಲೂ ಅಪ್ಪನದೇ ಕೈ, ನಿಮ್ಮಪ್ಪನ ಹೊಡದಿದ್ದವಾ, ನಮ್ಮ ಮಗಳ ಲಗ್ನಾ ವಾರ ಇರೂಮುಂದ ಇಂಡಿಯಿಂದ ತರಿಸಿದ್ವಿ, ಎಂದಿದ್ದಳು, ಅದರಲ್ಲಿ ಹತ್ತನೇ ತಾರೀಖಿನ ಸೊನ್ನೆ ದುಂಡಗೆ ಕೂಡಿತ್ತು, ಅಕ್ಕಿಕಾಳು ಬೀಳುವ ಮೊದಲೇ ಕೂಡಿತ್ತು, ಎಷ್ಟು ಸಲ ಆ ಹಂಡೆಯ ನೀರು ಮೈಗೆ ಹಾಕಿಕೊಂಡಳು, ಒಂದು ಸಲವೂ ಹೊಳೆಯಲಿಲ್ಲ, ಅಂಥ ಪದ್ಧತಿಯೇ ಇರಲಿಲ್ಲ, ಅವ್ವ ಕೇಳಿದ್ದು ಸರಿ, ಅಪ್ಪನೂ ಕಲಿಸಿರಲಿಲ್ಲ ಮುತ್ಯಾನೂ ಕಲಿಸಿರಲಿಲ್ಲ, ಆ ಮಧ್ಯಾಹ್ನ ಹುಟ್ಟಿದ ಪದ್ಧತಿ ಅದು, ಬಜಾರಿನಲ್ಲಿ ಪರಪ್ಪ ಸಿಕ್ಕಿರಬೇಕು, ಇಲ್ಲವೇ ಹೇಳಿ ಕಳಿಸಿರಬೇಕು, ನನಗ ನಿಮ್ಮ ಮಗಳು ಬ್ಯಾಡ್ರಿ ಎಂದು, ಅಪ್ಪ ಬಿಸಿಲಲ್ಲಿ ನಡೆದು ಬಂದು ಅರಿಶಿಣದ ಮುಖ ನೋಡಿ, ಊರು ಏನೆಂದೀತು, ಹುಡುಗಿಯಲ್ಲಿ ಏನೋ ಕೊರತೆ ಇರಬೇಕು ಎಂದೀತು, ಅನ್ನಬಾರದು, ಕೊರತೆ ಇರಬೇಕಾದರೆ ಅದು ನನ್ನ ಅಂಕಿಯಲ್ಲಿರಲಿ. ತಾನು ಹೊಡೆದದ್ದರಲ್ಲೇ ಎಲ್ಲಕ್ಕಿಂತ ಚಂದದ ಸೊನ್ನೆಗಳನ್ನು ಒಂದೊಂದಾಗಿ ತಾನೇ ಒಡೆದ, ಒಡೆದ ಬದಿಯನ್ನು ಲಕ್ಕವ್ವನ ಕಡೆ ತಿರುಗಿಸಿ ಇಟ್ಟ, ನಾಲ್ಕು ಪೇಟೆಯ ಮಂದಿ ಇಷ್ಟು ವರ್ಷ ಆ ಸೊನ್ನೆಯ ಮಾತೇ ಆಡಿದರು, ಗುರವ್ವನ ಮಾತು ಒಬ್ಬರೂ ಆಡಲಿಲ್ಲ. ಅವಳು ಅಪ್ಪನಿಂದ ಮುಚ್ಚಿಟ್ಟದ್ದನ್ನೇ ಅಪ್ಪ ಅವಳಿಂದ ಮುಚ್ಚಿಟ್ಟಿದ್ದ, ಒಂದೇ ಮನೆಯಲ್ಲಿ, ಒಂದೇ ಕೊಡದ ನೀರು ಕುಡಿದು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ, ಭಾಳ ದೂರ ಹೊತ್ತು ತಂದದ್ದನ್ನು ಇಳಿಸಿದ ಮೇಲೂ ತಲೆ ಕೆಲಹೊತ್ತು ಭಾರವಾಗಿಯೇ ಇರುತ್ತದೆ.

ತಾ, ಅಪ್ಪ ಕೈ ನೀಡಿದ, ಕೊಟ್ಟಳು, ಮೊಣಕಾಲ ನಡುವೆ ಕೊಡ ಹಿಡಿದ, ಹಿಡಿಯುವುದು ಮಾತ್ರ ಇನ್ನೂ ಮೊದಲಿನ ಹಾಗೆಯೇ, ಚಾಣದ ಮೊನೆ ಆ ಜಾಗ ಹುಡುಕುತ್ತ ಸೊನ್ನೆಯ ಸುತ್ತ ಅಲೆಯುತ್ತಿದೆ, ನಡುಗುತ್ತಿದೆ, ಬಂತು, ನಿಂತಿತು, ಸರಿಯಿತು, ಮತ್ತೆ ಬಂತು, ಹೊಡಿಲೇನವಾ, ಬ್ಯಾಡಪಾ, ಯಾಕ, ಕೈ ನಡಗತೈತಿ ಅಂತೇನು, ಅಲ್ಲಪಾ, ಇರಲಿ ಅದು. ಮಂದಿ ಕೇಳತಾರವಾ, ಕೇಳಲಿ, ನಮ್ಮಪ್ಪ ಮಾಡಿದ್ದು ಅಂತ ಹೇಳ್ತೇನಿ. ಸುತ್ತಿಗೆ ಎತ್ತಿದಲ್ಲೇ ಇದೆ, ಗುರವ್ವ ಕೊಡ ನೋಡುತ್ತ ಹೇಳಿದಳು, ಅಪ್ಪಾ, ಬಾಗೇವಾಡಿ ಪರಪ್ಪ ಸಿಕ್ಕಿದ್ದ, ಬಸ್ ಸ್ಟ್ಯಾಂಡಿನಾಗ, ಜನಗಣತಿ ವರ್ಷ. ಸುತ್ತಿಗೆ ಮೆಲ್ಲಗೆ ಕಲ್ಲಿನ ಮೇಲೆ ಇಳಿಯಿತು, ಸದ್ದಾಗಲಿಲ್ಲ, ಏನಂದ ಎಂದ ಅಪ್ಪ, ನಿಮ್ಮಪ್ಪಾರು ಭಾಳ ದೊಡ್ಡ ಮನಷ್ಯಾರು ಅಂದ, ಎಂದಳು. ಅಪ್ಪ ಚಾಣವನ್ನು ಧೋತರದ ತುದಿಯಲ್ಲಿ ಮತ್ತೆ ಒರೆಸಿದ, ಒರೆಸಿದ್ದನ್ನೇ ಒರೆಸಿದ, ಕಡೆಗೆ, ನೀರ ಹಾಕಿ ತೊಳಿಯವಾ, ಹುಳಿ ಕುಂತ್ರ ತಾಮ್ರ ಕಪ್ಪಾಗತೈತಿ, ಎಂದ, ದನಿ ಚಹಾದ ಬಸಿ ಹಿಡಿದ ಕೈಯ ಹಾಗಿತ್ತು. ಒಳಗಿಂದ ಅವ್ವ, ಬಸ್ ಬಂದಂಗಾತು, ಗುರವ್ವಾ, ಕೊಡ ತಾ ಲಗೂ, ಗ್ವಾಡಿಗೆ ಮಾರಿ ಮಾಡು ಮರೀಬ್ಯಾಡ — ತೊಳೆದ ಕೊಡ ಬಿಸಿಲಿಗೆ ಹೊಳೆಯುತ್ತಿದೆ, ಬಾಗಿಲಿಗೆ ಮಾರಿ ಮಾಡಿ ಇಡುತ್ತಾಳೆ ಇವತ್ತು, ಒಳಗೆ ಬರುವವರಿಗೆ ಮೊದಲು ಕಾಣುವ ಹಾಗೆ, ಏಳಬೇಕು, ಸೀರೆ ಬದಲಿಸಬೇಕು, ನೀರು ತುಂಬಬೇಕು, ಏಳುತ್ತಿಲ್ಲ, ಹೊರಗೆ ಹೆಬ್ಬೆರಳು, ಒಳಗೆ ತೋರುಬೆರಳು, ನಡುವೆ ತಾಮ್ರ, ಉಬ್ಬು, ಉಬ್ಬು, ಉಬ್ಬು, ಆಮೇಲೆ ಆ ಚಪ್ಪಟೆ, ನುಣುಪು, ಬೇಳೆಯಷ್ಟಗಲ, ಅಪ್ಪ ತೆಗೆದ ಒಂದು ಚುಕ್ಕಿಯ ಜಾಗ, ಒಂದು ಚುಕ್ಕಿಯ ಜಾಗ, ಒಂದು ಚುಕ್ಕಿಯ —